ಒಂದು ದೋಣಿಗೆ ಮೂರು ಗಾಡಿ

ಕಳೆದ ವರ್ಷ ಅಕ್ಟೋಬರಿನ ಮೊದಲ ಭಾನುವಾರ, ಬೆಳಗಿನ ತಿಂಡಿ ಇನ್ನೂ ಮುಗಿದಿರಲಿಲ್ಲ, ಒಂದು ಲಾರಿ ನಮ್ಮ ಮನೆಯ ಮುಂದೆ ದೋಣಿಯೊಂದನ್ನು ಇಳಿಸಿ ಹೋಯಿತು. ನಮ್ಮ ಮನೆ ಇರುವುದು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ. ಅಲ್ಲಿ ಹತ್ತಿರದ ನೀರೆಂದರೆ ಮನೆಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕು. ಎದುರು ಮನೆಯವರು ಹಲ್ಲುಜ್ಜುತ್ತ ಹೊರಗೆ ಬಂದರು. ದೋಣಿಯನ್ನು ನೋಡಿದರು, ಆಮೇಲೆ ಆಕಾಶವನ್ನು ನೋಡಿದರು.

"ಹವಾಮಾನದವ್ರು ಏನರ ಹೇಳ್ಯಾರೇನ್ರಿ?" ಎಂದು ಅಪ್ಪನನ್ನು ಕೇಳಿದರು.

"ಇಲ್ರಿ, ಇದು ನಮ್ಮ ಸೊಸೇದು" ಎಂದಷ್ಟೇ ಹೇಳಿ ಅಪ್ಪ ಒಳಗೆ ಬಂದರು.

ದೋಣಿ ನನ್ನ ಅತ್ತಿಗೆಯದು. ಅವರು ಹರಿಹರದಲ್ಲಿ ಹೊಳೆಯ ದಂಡೆಯ ಮೇಲೆ ಬೆಳೆದವರು. ನನ್ನ ಅಣ್ಣನನ್ನು ಮದುವೆಯಾಗಿ ಬಂದ ಮೇಲೆ ಐದು ವರ್ಷ ನಮ್ಮ ಮನೆಯ ಹಾಲಿನಲ್ಲಿ ಕೂತು ಮಕ್ಕಳಿಗೆ ಟ್ಯೂಷನ್ ಹೇಳಿದರು. ಆ ಐದು ವರ್ಷವೂ ಅವರ ತಲೆಯಲ್ಲಿದ್ದದ್ದು ಒಂದೇ: ತುಂಗಭದ್ರೆಯ ದಂಡೆಗೆ ಶನಿವಾರ ಭಾನುವಾರ ಬರುವ ಜನರನ್ನು ದೋಣಿಯಲ್ಲಿ ಕೂರಿಸಿ ಒಂದು ಸುತ್ತು ಹೊಡೆಸಬೇಕು. ಅರ್ಜಿ ಹಾಕಿ, ಕಚೇರಿಯಿಂದ ಕಚೇರಿಗೆ ಅಲೆದು, ಕೊನೆಗೂ ಒಂದು ಪತ್ರ ತಂದರು. ಮುಚ್ಚಿಹೋದ ಒಂದು ಮೋಜಿನ ಪಾರ್ಕಿನವರು ಮಾರಿದ ಆರು ಸೀಟಿನ ನೀಲಿ ಫೈಬರ್ ದೋಣಿಯನ್ನೂ ತಂದರು.

ಪತ್ರದಲ್ಲಿ ಎರಡು ಷರತ್ತುಗಳಿದ್ದವು. ಅದೇ ವಾರದ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಧಿಕಾರಿ ಹರಿಹರದ ದಂಡೆಗೆ ಬಂದಾಗ ದೋಣಿ ನೀರಿನಲ್ಲಿರಬೇಕು. ರಾತ್ರಿ ಹೊತ್ತು ಅದನ್ನು ದಂಡೆಯಲ್ಲಿ ಬಿಡುವಂತಿಲ್ಲವಾದ್ದರಿಂದ, ದೋಣಿಯನ್ನು ಪ್ರತಿ ಸಂಜೆ 'ಸುರಕ್ಷಿತವಾಗಿ ಎಳೆದೊಯ್ಯುವ ಒಂದು ವಾಹನ'ವನ್ನೂ ಅಲ್ಲಿಯೇ ತೋರಿಸಬೇಕು. ಎರಡರಲ್ಲಿ ಒಂದು ತಪ್ಪಿದರೂ ಅನುಮತಿ ಸಾಲಿನಲ್ಲಿ ಎರಡನೆಯವರಿಗೆ ಹೋಗುತ್ತದೆ. ಎರಡನೆಯವರು ಅದೇ ದಂಡೆಯ ಮೇಲೆ ಚಹಾದಂಗಡಿ ಇಟ್ಟವರು. ಅವರ ದೋಣಿ ಆಗಲೇ ಅಂಗಡಿಯ ಹಿಂದೆ ಬೋರಲು ಬಿದ್ದುಕೊಂಡಿತ್ತು.

ಸುರಕ್ಷಿತ ವಾಹನ ಎಂದರೆ ಯಾವುದು ಎಂದು ಪತ್ರದಲ್ಲಿ ಇರಲಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಪ್ರತಿಯೊಬ್ಬರೂ ತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು. ನಾನು ಆಡಿಟರ್ ಒಬ್ಬರ ಬಳಿ ಕೆಲಸಕ್ಕಿದ್ದೇನೆ, ಯಾವುದನ್ನಾದರೂ ಕೋಷ್ಟಕ ಹಾಕಿ ನೋಡದಿದ್ದರೆ ಸಮಾಧಾನವಿಲ್ಲ. ಫೋನಿನಲ್ಲಿ ಓದಿ ತಿಳಿದುಕೊಂಡದ್ದನ್ನು ಬರೆದಿಟ್ಟೆ: ಎಳೆಯುವ ಗಾಡಿ ಎಳೆಸಿಕೊಳ್ಳುವುದಕ್ಕಿಂತ ಭಾರವಾಗಿರಬೇಕು, ಇಳಿಜಾರಿನಲ್ಲಿ ಹಿಂದಿನ ಭಾರ ಮುಂದಕ್ಕೆ ತಳ್ಳಿದರೆ ತಡೆಯುವಷ್ಟು ಬ್ರೇಕಿರಬೇಕು, ಹಸಿ ಮಣ್ಣಿನಲ್ಲಿ ಹಿಂದಿನ ಗಾಲಿಗಳಿಗೆ ಹಿಡಿತವಿರಬೇಕು. ಅಮ್ಮನ ಪ್ರಕಾರ ಗಾಡಿಯ ನಂಬರನ್ನು ಕೂಡಿಸಿದರೆ ಎಂಟು ಬರಬಾರದು, ಅಷ್ಟೇ. ಅಪ್ಪನ ಪ್ರಕಾರ ಗಾಡಿ ಗೊತ್ತಿದ್ದವರದಾಗಿರಬೇಕು.

"ಬ್ರೇಕು ಗೀಕು ಆಮ್ಯಾಲೆ. ಗಾಡಿಯವನ ಮನೆ ನಮಗ ಗೊತ್ತಿರಬೇಕು" ಎಂದರು ಅಪ್ಪ.

ಅಂದೇ ಸಂಜೆ ಅಪ್ಪ ಮೂರು ಜನಕ್ಕೆ ಫೋನ್ ಮಾಡಿದರು. ಒಬ್ಬರು ಒಪ್ಪದಿದ್ದರೆ ಇನ್ನೊಬ್ಬರಿರಲಿ ಎಂಬ ಲೆಕ್ಕ. ಆದರೆ ನಮ್ಮ ಕಡೆ ಯಾರನ್ನೂ 'ಇನ್ನೊಬ್ಬರಿರಲಿ ಅಂತ ನೀವು' ಎಂಬಂತೆ ಕರೆಯಲಾಗುವುದಿಲ್ಲ. ಮೂವರಿಗೂ ಅಪ್ಪ ಹೇಳಿದ್ದು ಒಂದೇ ಮಾತು, ಒಂದೇ ದನಿಯಲ್ಲಿ: "ಬ್ಯಾರೆಯವ್ರನ್ನ ಕೇಳೋಕ ಮನಸಾಗ್ಲಿಲ್ಲ. ನಿಮ್ಮ ಗಾಡಿ ಇದ್ರ ನಮಗ ಧೈರ್ಯ."

ಮೂವರೂ ಒಪ್ಪಿದರು.

ಮೊದಲನೆಯವರು ನನ್ನ ದೊಡ್ಡಪ್ಪ, ಅಪ್ಪನ ಅಣ್ಣ. ಶಾಮನೂರಿನಲ್ಲಿ ಅವರ ಮನೆ. ಹರಿಹರದ ಮಗ್ಗುಲಲ್ಲಿ, ಹೊಳೆಯ ದಂಡೆಯ ಗುತ್ತೂರಿನ ಹತ್ತಿರವೂ ಒಂದಿಷ್ಟು ಗದ್ದೆ ಇರುವುದರಿಂದ ವಾರದಲ್ಲಿ ಮೂರು ನಾಲ್ಕು ದಿನ ಅವರೂ ಅವರ ಟ್ರ್ಯಾಕ್ಟರೂ ಅಲ್ಲೇ ಇರುತ್ತಾರೆ. ಟ್ರ್ಯಾಕ್ಟರು ವಯಸ್ಸಿನಲ್ಲಿ ನನಗಿಂತ ದೊಡ್ಡದು. ಎರಡನೆಯವರು ಸೋದರಮಾವ, ಅಮ್ಮನ ಅಣ್ಣ, ಎ ಬ್ಲಾಕಿನವರು. ಅವರದು ಆಗಷ್ಟೇ ಕೊಂಡ ದೊಡ್ಡ ಬಿಳಿ ಕಾರು, ಸೀಟಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ತೆಗೆದಿರಲಿಲ್ಲ. ಮೂರನೆಯವರು ನಮ್ಮ ಹಿಂದಿನ ಬೀದಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಚಾಚಾ. ವಯಸ್ಸು ನಲವತ್ತೂ ಆಗಿಲ್ಲ, ಆದರೂ ಇಡೀ ಬೀದಿಗೆ ಚಾಚಾ. ಅವರ ಬಳಿ ಕಬ್ಬಿಣದ ಗೇಟುಗಳನ್ನು ಸಾಗಿಸುವ ಒಂದು ಪುಟ್ಟ ಗೂಡ್ಸ್ ಗಾಡಿ ಇತ್ತು.

ಒಪ್ಪಿದವರಿಗೆ ಬೇಡ ಎನ್ನುವುದು ಹೇಗೆ? ಮದುವೆಗೆ ಕರೆದು ಊಟದ ಮನೆಯ ಬಾಗಿಲಲ್ಲಿ ತಡೆದಂತೆ.

ಅತ್ತಿಗೆ ನನ್ನ ಕೋಷ್ಟಕವನ್ನು ಅಡುಗೆಮನೆಯಲ್ಲಿ ನಿಂತು ಓದಿದರು. ಊರೊಳಗಿನ ರಸ್ತೆ, ಹೆದ್ದಾರಿ, ಹೊಳೆಯ ದಂಡೆ ಎಂದು ಮೂರು ಕಾಲಂ ಮಾಡಿ ಪ್ರತಿ ಗಾಡಿಗೂ ಹತ್ತಕ್ಕೆ ಅಂಕ ಹಾಕಿದ್ದೆ. ದಂಡೆಯ ಕಾಲಂನಲ್ಲಿ ಟ್ರ್ಯಾಕ್ಟರಿಗೆ ಒಂಬತ್ತು, ಕಾರಿಗೆ ಮೂರು, ಗೂಡ್ಸ್ ಗಾಡಿಗೆ ಸೊನ್ನೆ.

"ಟ್ರ್ಯಾಕ್ಟರ್ ಒಂದೇ ಸಾಕು ಅಂತ ಹೇಳಿಬಿಡಿ ಅತ್ತಿಗೆ" ಎಂದೆ.

"ನಾನಾ? ನಾನು ಟ್ರ್ಯಾಕ್ಟರ್ ಅಂದ್ರ ಕಾರಿನಾಗ ಏನು ಐಬು ಐತೆ ಅಂತ ನಿಮ್ಮ ಸೋದರಮಾವ ಕೇಳ್ತಾರೆ. ಕಾರಿನಾಗ ಐಬಿಲ್ಲ ಅಂದ್ರ ಚಾಚಾ ಮುಖ ಸಣ್ಣದು ಮಾಡ್ಕೊಂತಾರೆ. ಸೊಸಿ ಆದೋಳು ಗಾಡಿ ಆರಿಸೋದು ಅಂದ್ರ ಸುಮ್ನೇನಾ ತಂಗಿ?" ಎಂದರು ಅತ್ತಿಗೆ. ಒಗ್ಗರಣೆಗೆ ಸಾಸಿವೆ ಹಾಕಿ, "ಗುರುವಾರದವರೆಗೂ ಎಲ್ಲಾ ಗಾಡೀನೂ ಚೊಲೊ" ಎಂದರು.

ಅಷ್ಟರಲ್ಲಿ ಚಾಚಾ ದೋಣಿಯನ್ನು ಇಡಲು ಎರಡು ಗಾಲಿಯ ಟ್ರಾಲಿ ಮಾಡಲು ಶುರುಮಾಡಿದ್ದರು. ಸೋಮವಾರ ಅದು ಒಂದು ಹಗುರ ಚೌಕಟ್ಟಾಗಿತ್ತು. ಮಂಗಳವಾರ ಅದಕ್ಕೆ ಅಡ್ಡಪಟ್ಟಿಗಳು ಬಂದವು. ಬುಧವಾರ ಅಡ್ಡಪಟ್ಟಿಗಳಿಗೆ ಆಸರೆಯಾಗಿ ಇನ್ನಷ್ಟು ಅಡ್ಡಪಟ್ಟಿಗಳು ಬಂದವು. ಆಫೀಸಿನಿಂದ ಬರುತ್ತ ದಿನವೂ ನೋಡುತ್ತಿದ್ದೆ. ಟ್ರಾಲಿ ಪ್ರತಿದಿನ ಸ್ವಲ್ಪ ಸ್ವಲ್ಪ ಸೇತುವೆಯಾಗುತ್ತಿತ್ತು.

"ಚಾಚಾ, ಇನ್ನು ಸಾಕಲ್ವಾ?"

"ಬೇಟಿ, ಸೇಫ್ಟಿ ಅಂದ್ರ ಕಬ್ಬಿಣ. ನಿಮ್ಮ ಅತ್ತಿಗೆ ಜಿಂದಗಿ ಸವಾಲು ಇದು. ಇನ್ನೆರಡು ಆ್ಯಂಗಲ್ ಹಾಕಿಬಿಡ್ತೀನಿ, ಮಜಬೂತ್ ಆಗ್ಲಿ."

ಮೂರೂ ಗಾಡಿಗಳ ಹಿಂಭಾಗ ಮೂರು ಥರ ಇದ್ದದ್ದರಿಂದ, ಮೂರಕ್ಕೂ ಹೊಂದುವ ಒಂದೇ ಕೊಂಡಿಯನ್ನೂ ಮಾಡಿದರು. ಅದು ಮೂರಕ್ಕೂ ಹೊಂದುತ್ತಿತ್ತು, ಯಾವುದಕ್ಕೂ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಒಂದು ಸರಪಳಿ, ಸರಪಳಿಗೆ ಒಂದು ಹಗ್ಗ. ಪಕ್ಕದ ಕಬ್ಬಿಣದಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ ದೋಣಿ ನೂರ ಅರವತ್ತು ಕಿಲೋ, ಟ್ರಾಲಿ ಆರುನೂರ ನಲವತ್ತು.

ಅತ್ತಿಗೆ ಟ್ರಾಲಿಯ ಸುತ್ತ ಒಂದು ಸುತ್ತು ಬಂದರು. "ದೋಣಿಗೆ ಟ್ರಾಲಿ ಮಾಡ್ರಿ ಅಂದಿದ್ದೆ ಚಾಚಾ. ಟ್ರಾಲಿಗೆ ಒಂದು ದೋಣಿ ಆದಂಗಾತು."

ಚಾಚಾ ಇದನ್ನು ಹೊಗಳಿಕೆ ಎಂದುಕೊಂಡು ಕೈಮುಗಿದರು.

ಇತ್ತ, ಪರಿಶೀಲನೆಗೆ ಎರಡು ದಿನ ಮೊದಲೇ ಅಪ್ಪ ಉಪಾಯ ಕಂಡುಹಿಡಿದಿದ್ದರು. ದಾವಣಗೆರೆಯಿಂದ ಹರಿಹರದ ಹೊಳೆಗೆ ಇರುವ ದಾರಿಯನ್ನು ಮೂರು ಹಂತ ಮಾಡುವುದು, ಒಬ್ಬೊಬ್ಬರು ಒಂದೊಂದು ಹಂತ ಎಳೆಯುವುದು. ಯಾರಿಗೂ ಬೇಸರವಿಲ್ಲ. ನನಗೆ ನಿಜಕ್ಕೂ ಸಂತೋಷವಾಯಿತು, ಏಕೆಂದರೆ ಹಂತಗಳು ನನ್ನ ಕಾಲಂಗಳಿಗೆ ಸರಿಯಾಗಿ ಹೊಂದುತ್ತಿದ್ದವು. ಊರೊಳಗೆ ಪುಟ್ಟ ಗೂಡ್ಸ್ ಗಾಡಿ, ಹೆದ್ದಾರಿಯಲ್ಲಿ ಕಾರು, ದಂಡೆಯ ಇಳಿಜಾರಿಗೆ ಟ್ರ್ಯಾಕ್ಟರು. ಹಾಳೆಯನ್ನು ಅಪ್ಪನ ಮುಂದಿಟ್ಟೆ.

ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಮುಖ ಕೆಂಪಾಯಿತು.

"ದೊಡ್ಡಪ್ಪನ್ನ ಕೊನೇಗೆ ಹಾಕಿಯಲ್ಲ! ಪಂಕ್ತಿಯಾಗ ಹಿರಿಯರಿಗೆ ಕೊನೇ ಎಲೆ ಹಾಕ್ತಾರೇನು?"

"ಇದು ಪಂಕ್ತಿ ಅಲ್ಲಪ್ಪ, ಇಳಿಜಾರು. ಟ್ರ್ಯಾಕ್ಟರಿಗೆ ಮಾತ್ರ ಹಿಡಿತ ಸಿಗುತ್ತೆ."

"ಹಿಡಿತ ಸಿಗ್ತೈತೆ, ಸಂಬಂಧ ಹೋಗ್ತೈತೆ. ವಯಸ್ಸಿನ ಪ್ರಕಾರ ಬರಿ. ಮೊದ್ಲು ನಮ್ಮಣ್ಣ, ಆಮ್ಯಾಲೆ ನಿಮ್ಮ ಸೋದರಮಾವ, ಕೊನೇಗೆ ಚಾಚಾ."

ನಾನು ಅಡುಗೆಮನೆಯ ಕಡೆ ನೋಡಿದೆ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಕಣ್ಣಲ್ಲೇ ಬೇಡ ಎಂದರು. ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ವಯಸ್ಸಿನ ಪ್ರಕಾರ ಬರೆದೆ. ಹೀಗೆ ಊರೊಳಗಿನ ಕಿರಿದಾದ ರಸ್ತೆಗೆ ಟ್ರ್ಯಾಕ್ಟರೂ, ಹೊಳೆಯ ಇಳಿಜಾರಿಗೆ ಎಲ್ಲಕ್ಕಿಂತ ಹಗುರಾದ ಗೂಡ್ಸ್ ಗಾಡಿಯೂ ಗೊತ್ತಾದವು.

ಗುರುವಾರ ಬೆಳಿಗ್ಗೆ ಏಳಕ್ಕೆ ಹೊರಡಬೇಕಿತ್ತು. ಅಣ್ಣನಿಗೆ ಕಾರ್ಖಾನೆಯಲ್ಲಿ ಮೊದಲ ಪಾಳಿ, ರಜೆ ಸಿಗಲಿಲ್ಲ. ಬಂದ ಗಾಡಿಯವರಿಗೆಲ್ಲ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ ಆಗುವಷ್ಟರಲ್ಲಿ ಎಂಟಾಯಿತು. ಆಮೇಲೆ ಅಮ್ಮ ನಿಂಬೆಹಣ್ಣಿನ ಬುಟ್ಟಿ ತಂದಳು. ಪ್ರತಿ ಗಾಲಿಯ ಕೆಳಗೂ ಒಂದೊಂದು ಇಟ್ಟು ಗಾಡಿಗಳನ್ನು ಮುಂದಕ್ಕೆ ಹಾಯಿಸಿದ್ದಾಯಿತು. ಟ್ರಾಲಿಗೂ ಆಯಿತು. ದೋಣಿ ಬಾಕಿ ಉಳಿಯಿತು.

"ಅದಕ್ಕ ಗಾಲಿ ಇಲ್ಲವ್ವಾ" ಎಂದರು ಸೋದರಮಾವ.

"ಗಾಲಿ ಇಲ್ಲ ಅಂತ ದೃಷ್ಟಿ ಬೀಳಲ್ಲೇನು?" ಎಂದಳು ಅಮ್ಮ. ದೋಣಿಯ ಹೊಟ್ಟೆಗೂ ಟ್ರಾಲಿಯ ಕಬ್ಬಿಣಕ್ಕೂ ನಡುವೆ ಒಂದು ನಿಂಬೆಹಣ್ಣು ತುರುಕಿದಳು. ಚಾಚಾ ಮತ್ತು ಅಪ್ಪ ದೋಣಿಯನ್ನು ಹಿಡಿದು ಅಲ್ಲಾಡಿಸಿದರು. ಹಣ್ಣು ಒಡೆಯಲಿಲ್ಲ. ಇನ್ನೂ ಅಲ್ಲಾಡಿಸಿದರು. ಹಣ್ಣು ಹಾರಿ ಚರಂಡಿಯ ಕಡೆ ಉರುಳಿತು.  ದೊಡ್ಡಪ್ಪ ನಿಧಾನವಾಗಿ ಟ್ರ್ಯಾಕ್ಟರಿನಿಂದ ಇಳಿದು ಬಂದು, ಅದನ್ನು ಚಪ್ಪಲಿಯಿಂದ ಹೊಸಕಿ, "ಹೂಂ, ಆತು, ಹತ್ರಿ" ಎಂದರು.

ಊರು ದಾಟಲು ಒಂದು ಗಂಟೆ ಹಿಡಿಯಿತು. ಟ್ರ್ಯಾಕ್ಟರು ಮುಂದೆ, ಹಿಂದೆ ಹೂಮಾಲೆ ಹಾಕಿದ ದೋಣಿ, ಅದರ ಹಿಂದೆ ಕಾರು, ಗೂಡ್ಸ್ ಗಾಡಿ, ಅಪ್ಪನ ಸ್ಕೂಟರು. ದಾರಿಯಲ್ಲಿ ಇಬ್ಬರು ಮೂವರು ಚಪ್ಪಲಿ ಬಿಟ್ಟು ಕೈಮುಗಿದರು. ಬೈಕಿನಲ್ಲಿ ಬಂದ ಹಿರಿಯರೊಬ್ಬರು ದೊಡ್ಡಪ್ಪನ ಪಕ್ಕಕ್ಕೆ ಬಂದು, "ಗಣಪತಿ ಬಿಟ್ಟು ತಿಂಗ್ಳಾತಲ್ರಿ, ಇದ್ಯಾವ ದೇವ್ರು?" ಎಂದು ಕೇಳಿದರು. ದೊಡ್ಡಪ್ಪ ಟ್ರ್ಯಾಕ್ಟರಿನ ಸದ್ದಿನಲ್ಲಿ ಏನೂ ಕೇಳಿಸದೆ "ಹರಿಹರದ್ದು" ಎಂದರು. ಹಿರಿಯರು ಗಾಡಿ ನಿಲ್ಲಿಸಿ ದೋಣಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಊರಾಚೆ ಪೆಟ್ರೋಲ್ ಬಂಕಿನ ಬಳಿ ಮೊದಲ ಬದಲಾವಣೆ. ಮೂರಕ್ಕೂ ಹೊಂದುವ ಕೊಂಡಿಯನ್ನು ಟ್ರ್ಯಾಕ್ಟರಿನಿಂದ ಬಿಡಿಸಿ ಕಾರಿಗೆ ಸಿಕ್ಕಿಸುವಷ್ಟರಲ್ಲಿ ಚಾಚಾ ಎರಡು ಸಲ ಸುತ್ತಿಗೆ ಕೇಳಿದರು, ಸೋದರಮಾವ ಹತ್ತು ಸಲ "ನಿಧಾನ, ಪೇಂಟು!" ಎಂದರು. ದೊಡ್ಡಪ್ಪ ಊಟ ಮುಗಿಸಿ ಎದ್ದವರಂತೆ ಟವೆಲಿನಿಂದ ಬಾಯಿ ಒರೆಸಿಕೊಂಡು, "ನಂದು ಆತು. ಹೆಂಗೂ ಗುತ್ತೂರಿಗೆ ಹೋಗಬೇಕು, ಹಿಂದಿಂದ ಬರ್ತೀನಿ, ನಡೀರಿ" ಎಂದರು.

ನಾನೂ ಅತ್ತಿಗೆಯೂ ಅಮ್ಮನೂ ಕಾರಿನಲ್ಲಿ ಕೂತೆವು. ಹೆದ್ದಾರಿಯಲ್ಲಿ ಸೋದರಮಾವ ಸ್ವಲ್ಪ ವೇಗ ಹೆಚ್ಚಿಸಿದರು. ಹಿಂದಿನ ಗಾಜಿನಲ್ಲಿ ದೋಣಿ ಒಮ್ಮೆ ಎಡಗಡೆಯಿಂದ ಇಣುಕಿತು, ಒಮ್ಮೆ ಬಲಗಡೆಯಿಂದ ಇಣುಕಿತು. ಕಾರಿನ ಬಾಲ ಅದರ ಜೊತೆಗೆ ತೂಗಿತು. ಪ್ಲಾಸ್ಟಿಕ್ ಹಾಳೆಯ ಮೇಲೆ ನಾವು ಮೂವರೂ ಅತ್ತ ಜಾರಿ ಇತ್ತ ಜಾರಿದೆವು.

"ಸ್ವಲ್ಪ ನಿಧಾನ ಮಾಡ್ರಿ, ದೋಣಿ ಮುಂದ ಬರೋಕ ನೋಡಾಕತ್ತೈತೆ" ಎಂದರು ಅತ್ತಿಗೆ.

ಸೋದರಮಾವ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದರು. ಅವರ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ವೇಗ ಇಳಿಸುತ್ತ ಇಳಿಸುತ್ತ ಬಂದರು. ಕೊನೆಗೆ ಒಂದು ಎತ್ತಿನ ಗಾಡಿ ನಮ್ಮನ್ನು ಬಹಳ ಹೊತ್ತು ಜೊತೆಯಲ್ಲಿಟ್ಟುಕೊಂಡು ಬಂದಿತು.

ಹರಿಹರ ಸೇರಿದಾಗ ಹತ್ತೂ ಕಾಲು. ದಂಡೆಗೆ ಇಳಿಯುವ ಮಣ್ಣಿನ ರಸ್ತೆಯ ತುದಿಯಲ್ಲಿ ಎರಡನೇ ಬದಲಾವಣೆ ಮುಗಿಯುವಾಗ ಹತ್ತೂವರೆ ದಾಟಿತ್ತು. ಹಿಂದಿನ ವಾರದ ಮಳೆಗೆ ಇಳಿಜಾರು ಇನ್ನೂ ಹಸಿಯಾಗಿತ್ತು. ಹೊಳೆ ಅಗಲವಾಗಿ, ಶಾಂತವಾಗಿ ಹರಿಯುತ್ತಿತ್ತು. ಚಹಾದಂಗಡಿಯವರು ಕೈಕಟ್ಟಿಕೊಂಡು ನೋಡುತ್ತಿದ್ದರು.

ನಾನು ಚಾಚಾ ಅವರಿಗೆ ಹೇಳಿದೆ: "ಹಿಂದಕ್ಕೆ ಇಳೀಬೇಕು ಚಾಚಾ. ಮೊದಲು ಟ್ರಾಲಿ ನೀರಿಗೆ ಹೋಗಬೇಕು, ಗಾಡಿ ಅಲ್ಲ."

"ಫಿಕರ್ ಬ್ಯಾಡ ಬೇಟಿ." ಚಾಚಾ ಗಾಡಿಯನ್ನು ಹಿಂದಕ್ಕೆ ತಿರುಗಿಸಲು ನೋಡಿದರು. ಟ್ರಾಲಿ ಬೇರೆ ಕಡೆ ಮುಖ ಮಾಡಿತು. ಮತ್ತೆ ನೋಡಿದರು. ಟ್ರಾಲಿ ಚಹಾದಂಗಡಿಯ ಬೆಂಚಿನತ್ತ ಹೋಯಿತು, ಬೆಂಚಿನ ಮೇಲಿದ್ದವರು ಲೋಟ ಹಿಡಿದುಕೊಂಡೇ ಎದ್ದರು. ಮೂರನೇ ಸಲ ಚಾಚಾ ಗಾಡಿಯನ್ನು ನೇರ ಮಾಡಿಕೊಳ್ಳಲೆಂದು ಸ್ವಲ್ಪವೇ ಮುಂದಕ್ಕೆ, ಇಳಿಜಾರಿನ ಕಡೆಗೆ, ಬಿಟ್ಟರು.

ಎಂಟುನೂರು ಕಿಲೋ ಹಿಂದಿನಿಂದ ತಳ್ಳಿತು. ಚಾಚಾ ಬ್ರೇಕ್ ಒತ್ತಿದರು. ನಾಲ್ಕೂ ಗಾಲಿ ನಿಂತವು, ಗಾಡಿ ನಿಲ್ಲಲಿಲ್ಲ. ಗಾಲಿ ತಿರುಗದೆ, ಸದ್ದಿಲ್ಲದೆ, ಬಹಳ ಮರ್ಯಾದೆಯಿಂದ ಅದು ಕೆಳಗೆ ಜಾರತೊಡಗಿತು. ಚಾಚಾ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಿಂತೈತೆ! ನಿಂತೈತೆ!" ಎಂದು ನಮಗೆ ಧೈರ್ಯ ಹೇಳುತ್ತಲೇ ಹೋದರು. ಮುಂದಿನ ಗಾಲಿಗಳು ಮುಳುಗುವಷ್ಟು ನೀರಿಗೆ ಹೋದ ಮೇಲೆ ಅದು ನಿಜವಾಗಿ ನಿಂತಿತು.

ಸೋದರಮಾವ ತಕ್ಷಣ ಕಾರನ್ನು ತಂದು, ಹಗ್ಗ ಕಟ್ಟಿ, ಮೇಲಕ್ಕೆ ಎಳೆದರು. ಕಾರಿನ ಗಾಲಿಗಳು ಇದ್ದಲ್ಲೇ ತಿರುಗಿ ಅಪ್ಪನ ಅಂಗಿಯ ತುಂಬ ಕೆಸರು ಎರಚಿದವು. ಬಿಳಿ ಕಾರು ಅಚ್ಚಿನವರೆಗೆ ಹೂತುಕೊಂಡಿತು.

ಆಗಲೇ ಅಧಿಕಾರಿ ಬಂದದ್ದು. ಬೈಕ್ ನಿಲ್ಲಿಸಿ, ಫೈಲು ತೆಗೆದು, ಹೊಳೆಯನ್ನು ನೋಡಿದರು. ಹೊಳೆಯಲ್ಲಿ ಗೂಡ್ಸ್ ಗಾಡಿ ಇತ್ತು. ದಂಡೆಯ ಮೇಲೆ ದೋಣಿ ಇತ್ತು.

"ಅರ್ಜಿದಾರರು ಯಾರು?"

"ನಾನೇ ಸರ್" ಎಂದರು ಅತ್ತಿಗೆ.

"ದೋಣಿ ನೀರಾಗಿರಬೇಕು, ಗಾಡಿ ದಂಡಿ ಮ್ಯಾಲಿರಬೇಕು ಅಂತ ಬರೆದಿದ್ವಿ."

"ಇನ್ನೂ ಹನ್ನೊಂದಾಗಿಲ್ಲ ಸರ್."

ಅಧಿಕಾರಿ ಗಡಿಯಾರ ನೋಡಿಕೊಂಡರು. ಹತ್ತೂ ಐವತ್ತು. ಚಹಾದಂಗಡಿಯವರು ಅವರಿಗೆ ಲೋಟ ತಂದುಕೊಟ್ಟು, "ಕೂಡ್ರಿ ಸರ್, ಟೈಮ್ ಐತಲ್ಲ" ಎಂದರು. ಅತ್ತಿಗೆಯ ಮುಖ ಮೊದಲ ಸಲ ಬಾಡಿದ್ದನ್ನು ನಾನು ಕಂಡೆ. ಅಲೆದಾಡಿದ್ದೆಲ್ಲ ಇನ್ನು ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು.

ಆಮೇಲೆ ಅವರು ದುಪಟ್ಟಾ ಸೊಂಟಕ್ಕೆ ಬಿಗಿದು, ಲೈಫ್ ಜಾಕೆಟ್ ಹಾಕಿಕೊಂಡು, ಟ್ರಾಲಿಯ ಹತ್ತಿರ ಹೋಗಿ ಪಟ್ಟಿಗಳನ್ನು ಬಿಚ್ಚತೊಡಗಿದರು. "ಕೈಯಾಗೇ ಎತ್ತೋಣ. ಹಿಡೀರಿ ಎಲ್ರೂ."

ಹೌದಲ್ಲ ಎನಿಸಿತು. ನೂರ ಅರವತ್ತು ಕಿಲೋ. ನಾವು ಐದು ದಿನ ಎಳೆಯುವ ಚಿಂತೆಯಲ್ಲಿದ್ದೆವು, ಎತ್ತಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಅಪ್ಪ, ಅಮ್ಮ, ಸೋದರಮಾವ, ನಾನು, ಅಲ್ಲಿ ಬಟ್ಟೆ ಒಗೆಯುತ್ತಿದ್ದ ನಾಲ್ಕು ಜನ ಹೆಂಗಸರು, ಮೊಣಕಾಲುದ್ದದ ನೀರಿನಲ್ಲಿ ನಡೆದು ಬಂದ ಚಾಚಾ. ಒಂದು ಮೂಲೆಗೆ ಜನ ಸಾಲಲಿಲ್ಲ. ಅತ್ತಿಗೆ ಚಹಾದಂಗಡಿಯವರ ಕಡೆ ನೋಡಿ, "ಅಣ್ಣಾರೇ, ಸ್ವಲ್ಪ ಕೈ ಹಚ್ರಿ" ಎಂದರು.

ಅವರು ಅಧಿಕಾರಿಯನ್ನು ನೋಡಿದರು, ತಮ್ಮ ದೋಣಿಯನ್ನು ನೋಡಿದರು. "ಥೋ, ಹಿಂಗೆ ಕರದ್ರ ಬ್ಯಾಡ ಅನ್ನಾಕಾಗ್ತೈತೇನ್ರಿ" ಎಂದು ಗೊಣಗುತ್ತ ಬಂದು ಮೂಲೆ ಹಿಡಿದರು.

ಹತ್ತೂ ಐವತ್ತೆಂಟಕ್ಕೆ ದೋಣಿ ನೀರಿಗಿಳಿಯಿತು. ಅದು ತೇಲಿದ ಕೂಡಲೇ ಎಲ್ಲರಿಗೂ ಭಕ್ತಿ ಬಂತು. ಅಮ್ಮ ಅರಿಶಿನ ಕುಂಕುಮ ತೆಗೆದಳು, ಅಪ್ಪ ಕೈಮುಗಿದರು, ಹೆಂಗಸರು ಕೈಮುಗಿದರು, ಚಹಾದಂಗಡಿಯವರು ಚಪ್ಪಾಳೆ ತಟ್ಟಿದರು. ಕೈಮುಗಿಯಲು ಎರಡೂ ಕೈ ಬೇಕು. ದೋಣಿ ಮೆಲ್ಲಗೆ ತಿರುಗಿ ಹೊರಟಿತು.

"ಹಗ್ಗ ಯಾರ ಕೈಯಾಗೈತೆ?" ಎಂದರು ಅತ್ತಿಗೆ.

ಎಲ್ಲರೂ ಇನ್ನೊಬ್ಬರ ಕೈ ನೋಡಿದರು. ಹಗ್ಗ ಗೂಡ್ಸ್ ಗಾಡಿಗೂ ಕಾರಿಗೂ ನಡುವೆ ಬಿಗಿಯಾಗಿ ಕಟ್ಟಿತ್ತು.

ಅತ್ತಿಗೆ ನೀರಿಗೆ ಧುಮುಕಿದರು. ಅಮ್ಮ ಕೂಗಿದಳು, ನಾನೂ ಕೂಗಿದೆ. ಅವರಿಗೆ ಅದು ಮನೆಯಂಗಳ. ನಾಲ್ಕಾರು ಬಾರಿ ಕೈ ಬೀಸಿ ದೋಣಿಯ ಅಂಚು ಹಿಡಿದು, ಒಮ್ಮೆ ಜಾರಿ, ಮತ್ತೆ ಹಿಡಿದು ಹತ್ತಿ ಕೂತರು. ಕೂತ ಮೇಲೆ ದೋಣಿಯೊಳಗೆ ಅತ್ತಿತ್ತ ಹುಡುಕಿದರು.

"ಹುಟ್ಟು ಎಲ್ಲೈತೆ?" ಎಂದು ನೀರಿನ ಮೇಲಿಂದ ದನಿ ಬಂತು.

ಸೋದರಮಾವ ಕೆಸರಿನಲ್ಲಿ ಓಡಿ ಕಾರಿನ ಡಿಕ್ಕಿ ತೆಗೆದು, ಎರಡೂ ಹುಟ್ಟುಗಳನ್ನು ತಲೆಯ ಮೇಲೆತ್ತಿ ಹಿಡಿದು ಹೆಮ್ಮೆಯಿಂದ ಕೂಗಿದರು: "ಇಲ್ಲೇ ಭದ್ರ ಐತಮ್ಮ!"

ದೋಣಿ ಗುತ್ತೂರಿನ ದಿಕ್ಕಿಗೆ ನಿಧಾನವಾಗಿ ತೇಲುತ್ತಿತ್ತು. ಅಧಿಕಾರಿ ಗಡಿಯಾರ ನೋಡಿ, ಹೊಳೆ ನೋಡಿ, ಫೈಲಿನಲ್ಲಿ ಒಂದು ಗುರುತು ಹಾಕಿದರು. "ಹನ್ನೊಂದು ಗಂಟೆ. ದೋಣಿ ನೀರಾಗೈತೆ. ಅದೇನೋ ಸರಿ. ಎರಡನೇದು, ಎಳಿಯೋ ಗಾಡಿ ಯಾವ್ದು?"

"ನಮ್ಮ ಕಾರು ಬರ್ಕೊಳ್ರಿ ಸರ್" ಎಂದರು ಸೋದರಮಾವ, ಹುಟ್ಟುಗಳನ್ನು ಇನ್ನೂ ಇಳಿಸದೆ.

"ಸಾಬ್, ನಮ್ಮ ಗಾಡಿ ನೋಡ್ರಿ, ನೀರಾಗೂ ನಿಂತೈತೆ!" ಎಂದರು ಚಾಚಾ.

"ಮೂರೂ ಬರ್ಕೊಂಡುಬಿಡ್ರಿ" ಎಂದರು ಅಪ್ಪ.

"ಮೂರು ಎಲ್ಲಿ ಬರೀಲ್ರಿ? ಒಂದೇ ಗೆರೆ ಐತೆ. ನಂಗೆ ಹನ್ನೆರಡಕ್ಕೆ ಮೀಟಿಂಗ್ ಐತೆ. ಒಂದು ಹೇಳ್ರಿ, ಇಲ್ಲಾ ಖಾಲಿ ಅಂತ ಬರೀತೀನಿ."

ಅಪ್ಪ ಸೋದರಮಾವನ ಮುಖ ನೋಡಿದರು, ಚಾಚಾ ಮುಖ ನೋಡಿದರು.  ಅಧಿಕಾರಿಯ ಪೆನ್ನು ಗೆರೆಯ ಮೇಲೆ ಇಳಿಯುತ್ತಿತ್ತು. ನಾನು ಹೇಳಿಬಿಡಲೇ ಎಂದುಕೊಂಡೆ, ಆದರೆ ಆ ಹೊತ್ತಿಗೆ ಮೇಲಿನ ರಸ್ತೆಯಲ್ಲಿ ಡಗಡಗ ಸದ್ದು ಕೇಳಿತು. ದೊಡ್ಡಪ್ಪ, ಟ್ರ್ಯಾಕ್ಟರಿನ ಮೇಲೆ, ಯಾವ ಅವಸರವೂ ಇಲ್ಲದೆ, ತಲೆಗೆ ಟವೆಲು ಸುತ್ತಿಕೊಂಡು ಬರುತ್ತಿದ್ದರು.

ಹೊಳೆಯ ನಡುವಿನಿಂದ ಅತ್ತಿಗೆಗೂ ಅವರು ಕಂಡರು. ಅತ್ತಿಗೆ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು:

"ಟ್ರ್ಯಾಕ್ಟರ್! ಟ್ರ್ಯಾಕ್ಟರ್ ಕಳಿಸ್ರಿ! ಬ್ಯಾರೆ ಯಾವ ಗಾಡೀನೂ ಬ್ಯಾಡ! ಅದೊಂದೇ ಬರ್ಲಿ!"

ನೀರಿನ ಮೇಲೆ ಮಾತು ಚೆನ್ನಾಗಿ ಹಾಯುತ್ತದೆ. ಪ್ರತಿ ಅಕ್ಷರವೂ ಕೇಳಿಸಿತು. 

"ಅರ್ಜಿದಾರರೇ ಹೇಳಿದ್ರಲ್ಲ" ಎಂದು ಅಧಿಕಾರಿ ಬರೆದುಕೊಂಡರು.

ಸೋದರಮಾವ ಹುಟ್ಟುಗಳನ್ನು ಇಳಿಸಿದರು. "ಪಾಪ, ಭಯದಾಗ ಏನೋ ಅಂತಾಳ" ಎಂದರು. ಚಾಚಾ ಕೂಡ ಹೌದು ಹೌದು ಎಂದರು. ನಾನು ಐದು ವರ್ಷ ಅತ್ತಿಗೆಯ ದನಿ ಕೇಳಿದ್ದೇನೆ. ತಪ್ಪು ಉತ್ತರ ಬರೆದ ಮಗುವಿಗೆ ಸರಿಯಾದದ್ದನ್ನು ಹೇಳುವ ದನಿ ಅದು.

ಆಮೇಲಿನದು ಬೇಗ ಆಯಿತು. ದೊಡ್ಡಪ್ಪ ಬಂದು ಕಾರನ್ನೂ ಗೂಡ್ಸ್ ಗಾಡಿಯನ್ನೂ ಒಂದಾದ ಮೇಲೊಂದು ಮೇಲಕ್ಕೆಳೆದರು. ಟ್ರಾಲಿ ಸಿಕ್ಕಿಸಿಕೊಂಡು, ನನ್ನನ್ನು ಒಂದು ಮಡ್‌ಗಾರ್ಡಿನ ಮೇಲೂ ಅಧಿಕಾರಿಯನ್ನು ಇನ್ನೊಂದರ ಮೇಲೂ ಕೂರಿಸಿಕೊಂಡು ಗದ್ದೆಯ ದಾರಿ ಹಿಡಿದರು. ಗುತ್ತೂರಿನ ಕಡೆ ಹೊಳೆ ತಿರುಗುವಲ್ಲಿ ದೋಣಿ ಜೊಂಡಿಗೆ ಸಿಕ್ಕಿ ನಿಂತಿತ್ತು. ಅತ್ತಿಗೆ ಅದರಲ್ಲಿ ಕಾಲು ಚಾಚಿ ಕೂತು ದುಪಟ್ಟಾ ಹಿಂಡುತ್ತಿದ್ದರು. ಟ್ರಾಲಿಯನ್ನು ಹಿಂದಕ್ಕೆ ಬಿಡಲು ದೊಡ್ಡಪ್ಪನಿಗೂ ಮೂರು ಸಲ ಆಗಲಿಲ್ಲ, ನಾಲ್ಕನೇ ಸಲ ಆಯಿತು. ಗಾಲಿಗಳು ನೀರಿಗಿಳಿದವು, ದೋಣಿ ತಾನಾಗಿ ಬಂದು ಕಬ್ಬಿಣದ ಮೇಲೆ ಕೂತಿತು. ಟ್ರ್ಯಾಕ್ಟರು ಒಂದು ಗುಟುರು ಹಾಕಿ ಅದನ್ನು ಮೇಲಕ್ಕೆ ತಂದಿತು.

ಅಧಿಕಾರಿ ಬಾನೆಟ್ಟಿನ ಮೇಲೆ ಫೈಲಿಟ್ಟರು. "ಓಡಿಸೋರು ಯಾರು?"

"ಲೈಸೆನ್ಸ್ ಐತೆ ಸರ್, ನಾನೇ ಓಡಿಸ್ತೀನಿ" ಎಂದರು ಅತ್ತಿಗೆ. ಅವರ ತಲೆಯಿಂದ ಇನ್ನೂ ನೀರು ಸೋರುತ್ತಿತ್ತು. ದೊಡ್ಡಪ್ಪನ ಕಡೆ ತಿರುಗಿ, "ದೊಡ್ಡಮಾವ, ಶನಿವಾರ ಭಾನುವಾರ ಸಂಜಿ ಒಂದೊಂದು ತಾಸು ಸಾಕ್ರಿ" ಎಂದರು.

"ಹೆಣ್ಮಗಳು ಟ್ರ್ಯಾಕ್ಟರ್..." ಎಂದು ದೊಡ್ಡಪ್ಪ ಶುರುಮಾಡಿದರು. ಆಮೇಲೆ ಅಧಿಕಾರಿಯ ಪೆನ್ನನ್ನು ನೋಡಿದರು, ಜೊಂಡನ್ನು ನೋಡಿದರು, ಶನಿವಾರ ಭಾನುವಾರ ತಾವೇ ಹರಿಹರಕ್ಕೆ ಹೋಗಿ ಬರುವುದನ್ನು ಯೋಚಿಸಿದಂತೆ ಕಂಡಿತು. "ಅಕಿ ಹೆಸ್ರೇ ಬರ್ಕೊಳ್ರಿ. ನಾನು ಉಳುಮಿ ಮಾಡ್ಲೋ, ಹೊಳಿ ಕಾಯ್ಲೋ?"

ಸಹಿ ಬಿತ್ತು.

ಅಂದು ಸಂಜೆ ಗುತ್ತೂರಿನ ಖಾಲಿ ಕಣದಲ್ಲಿ ದೊಡ್ಡಪ್ಪ ಅತ್ತಿಗೆಗೆ ಟ್ರಾಲಿ ಸಮೇತ ಹಿಂದಕ್ಕೆ ಹೋಗುವುದನ್ನು ಕಲಿಸಿದರು. ದೋಣಿಯನ್ನು ಇಳಿಸಿ ಪಕ್ಕಕ್ಕಿಟ್ಟಿದ್ದೆವು. ನಾನು ಅದರೊಳಗೆ ಕೂತು ನೋಡುತ್ತಿದ್ದೆ.

"ಟ್ರಾಲಿ ಎಡಕ್ಕ ಹೋಗ್ಬೇಕಂದ್ರ ನೀನು ಬಲಕ್ಕ ತಿರುಗಿಸವ್ವಾ!"

"ಯಾಕ್ರಿ?"

"ಯಾಕ ಅಂದ್ರ ಅದು ಹಂಗೇ!"

ಮೊದಲ ಸಲ ಟ್ರಾಲಿ ಹುಲ್ಲಿನ ಬಣವೆಗೆ ಮುಖ ಕೊಟ್ಟಿತು. ಎರಡನೇ ಸಲ ದೊಡ್ಡಪ್ಪನೇ ಓಡಬೇಕಾಯಿತು. ಆಮೇಲೆ ಎಷ್ಟು ಸಲ ಎಂದು ನಾನು ಎಣಿಸುವುದನ್ನು ಬಿಟ್ಟೆ. ಬಿಸಿಲು ಇಳಿಯುವ ಹೊತ್ತಿಗೆ ಅದು ಒಮ್ಮೆ ನೆಟ್ಟಗೆ ಹಿಂದಕ್ಕೆ ಹೊರಟಿತು.

"ಹಾಂ! ಹಂಗೇ! ಸಾಕು, ನಿಲ್ಸು!" ಎಂದರು ದೊಡ್ಡಪ್ಪ.

ಅತ್ತಿಗೆ ನಿಲ್ಲಿಸಲಿಲ್ಲ. ಕತ್ತು ಹಿಂದಕ್ಕೆ ತಿರುಗಿಸಿ, ನಾಲಿಗೆಯ ತುದಿ ಕಚ್ಚಿಕೊಂಡು, ಕಣದ ಇನ್ನೊಂದು ತುದಿಯವರೆಗೂ ಹಾಗೇ ಹೋದರು.